ಮಾರ್ಕೋನಹಳ್ಳಿಯ ಮೂವತ್ತಮೂರು ಗೇಟುಗಳು

ಮಾರ್ಕೋನಹಳ್ಳಿ ಅಣೆಕಟ್ಟಿಗೆ 33 ಕ್ರೆಸ್ಟ್ ಗೇಟುಗಳಿವೆ ಎಂಬ ಸಂಗತಿ ನನಗೆ ತಿಳಿದದ್ದು ಹೋದ ಮಳೆಗಾಲದಲ್ಲಿ. ಅದೇ ಅಣೆಕಟ್ಟಿನ ನಾಲೆಯ ಕೊನೆಯಲ್ಲಿ ನಮ್ಮ ತೆಂಗಿನ ತೋಟ ಇದೆ. ಚಡ್ಡಿ ಹಾಕುತ್ತಿದ್ದ ಕಾಲದಿಂದ ಅದರ ಏರಿಯ ಮೇಲೆ ಓಡಾಡಿದ್ದೇನೆ. ಮೂವತ್ತಮೂರಿರಲಿ, ಮೂರು ಗೇಟು ಸಾಲಾಗಿ ನಿಂತದ್ದನ್ನೂ ಕಂಡವನಲ್ಲ. ಆದರೆ ವಿಷಯ ಬಂದದ್ದು ಪಿಎಚ್.ಡಿ. ಪ್ರಬಂಧದಲ್ಲಿ, ಅದೂ ‘ಸಾಹಿತ್ಯ ಸಮೀಕ್ಷೆ’ ಎಂಬ ಎರಡನೇ ಅಧ್ಯಾಯದಲ್ಲಿ, ಅಡಿಟಿಪ್ಪಣಿ ಸಮೇತ. ಅಡಿಟಿಪ್ಪಣಿ ಇರುವ ಮಾತಿನ ಮುಂದೆ ನನ್ನ ಎರಡು ಕಣ್ಣು ಯಾವ ಲೆಕ್ಕ?

ಬರೆದವನು ನನ್ನ ಅಕ್ಕನ ಮಗ. ಅವನ ಪ್ರಬಂಧದ ಹೆಸರು ‘ಮಾರ್ಕೋನಹಳ್ಳಿ ಜಲಾಶಯದ ಅಚ್ಚುಕಟ್ಟು ಪ್ರದೇಶದ ರೈತರ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಗತಿಗಳು: ಒಂದು ಅಧ್ಯಯನ’. ಉಸಿರು ಬಿಗಿಹಿಡಿದು ಹೆಸರು ಓದಿ ಮುಗಿಸಿ, “ಕೊನೆಯಲ್ಲಿ ‘ಒಂದು ಅಧ್ಯಯನ’ ಅಂತ ಯಾಕಪ್ಪ?” ಎಂದು ಕೇಳಿದೆ. “ಹಾಕ್ಲೇಬೇಕು ಮಾವ. ಇಲ್ದಿದ್ರೆ ಇದು ಅಧ್ಯಯನ ಅಂತ ಜನಕ್ಕೆ ಹೆಂಗೆ ಗೊತ್ತಾಗ್ಬೇಕು?” ಎಂದ. ಎರಡನೇ ಅಧ್ಯಾಯ ಓದಿದ ಮೇಲೆ ಅವನ ಮಾತು ಅಕ್ಷರಶಃ ನಿಜ ಅನ್ನಿಸಿತು. ಹೆಸರಿನಲ್ಲಿ ಹೇಳದೆ ಹೋಗಿದ್ದರೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಹೇಳಿದವನು. ಪಿಎಚ್.ಡಿ. ಮಾಡಿದವನಲ್ಲ. ಹಾಗಾಗಿ ‘ಸಾಹಿತ್ಯ ಸಮೀಕ್ಷೆ’ ಎಂದಾಗ ಕುವೆಂಪು, ಬೇಂದ್ರೆ ಬರುತ್ತಾರೇನೋ ಅಂದುಕೊಂಡೆ. ನೀರಾವರಿಯ ಪ್ರಬಂಧಕ್ಕೆ ಕವಿಗಳ್ಯಾಕೆ ಎಂದು ಯೋಚಿಸಿ, ಇದ್ದರೂ ಇರಲಿ ಎಂದು, “ಕುಣಿಗಲ್ ಕೆರೆಯ ಜನಪದ ಹಾಡು ಹಾಕಿದ್ದೀಯೇನೋ?” ಎಂದು ಕೇಳಿದೆ. ಅವನು ಅನುಕಂಪದಿಂದ ನೋಡಿದ. ಹಾಗಲ್ಲವಂತೆ. ಈ ವಿಷಯದ ಬಗ್ಗೆ ನಮಗಿಂತ ಮುಂಚೆ ಯಾರು ಯಾರು ಏನೇನು ಬರೆದಿದ್ದಾರೆ ಎಂದು ಹೇಳುವುದಕ್ಕೆ ಆ ಹೆಸರಂತೆ. ಅದು ನನಗೆ ಕೂಡಲೇ ಅರ್ಥವಾಯಿತು. ಹೊಸಬ ಊರಿಗೆ ಬಂದರೆ ಅರಳಿಕಟ್ಟೆಯಲ್ಲಿ ಮೊದಲು ಸುಮ್ಮನೆ ಕೂತು ಕೇಳಬೇಕು. ಯಾವ ಮಾತು ನಡೆದಿದೆ, ಯಾರು ಯಾರಿಗೆ ಎದುರಾಡುತ್ತಿದ್ದಾರೆ, ಯಾವ ಮಾತು ಬಂದಾಗ ಎಲ್ಲರೂ ಎಲೆಅಡಿಕೆ ಚೀಲ ಬಿಚ್ಚುತ್ತಾರೆ ಎಂಬುದನ್ನು ನೋಡಿಕೊಂಡು ಆಮೇಲೆ ಬಾಯಿ ತೆಗೆಯಬೇಕು. “ಇಷ್ಟೇ ತಾನೆ?” ಎಂದೆ. “ಇಷ್ಟೇ ಅಲ್ಲ ಮಾವ, ಅರವತ್ತು ಪುಟಕ್ಕೆ ಕಮ್ಮಿ ಇರಬಾರದು ಅಂತ ಗೈಡ್ ಹೇಳವ್ರೆ” ಎಂದ.

ಅರವತ್ತು ಪುಟ ಎಂದ ಮೇಲೆ ಕೇಳಿಸಿಕೊಳ್ಳುವುದಕ್ಕೆ ಪುರುಸೊತ್ತೆಲ್ಲಿ?

ಅವನು ಮಾಡಿದ ಕೆಲಸವನ್ನು ಮುಚ್ಚುಮರೆಯಿಲ್ಲದೆ ಹೇಳಿದ. ಗುಜರಾತಿನ ಗಾಂಧಿನಗರದಲ್ಲಿ ಇನ್‌ಫ್ಲಿಬ್‌ನೆಟ್ ಎಂಬ ಕೇಂದ್ರವಿದೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನೆಲ್ಲ ಅದು ‘ಶೋಧಗಂಗಾ’ ಎಂಬ ಭಂಡಾರದಲ್ಲಿ ಇಟ್ಟಿದೆ. ಯಾರು ಬೇಕಾದರೂ ಓದಬಹುದು, ದುಡ್ಡಿಲ್ಲ. ಒಂದೇ ವಿಷಯದ ಮೇಲೆ ಇಬ್ಬರು ಕಣ್ಣುಕಟ್ಟಿಕೊಂಡು ದುಡಿಯದಿರಲಿ, ಕದ್ದದ್ದು ಬಯಲಿಗೆ ಬರಲಿ ಎಂಬ ಒಳ್ಳೆಯ ಉದ್ದೇಶದ ಗಂಗೆ ಅದು. ಆದರೆ ಗಂಗೆ ಎಂದ ಮೇಲೆ ನಮ್ಮವರು ಸುಮ್ಮನಿರುತ್ತಾರೆಯೇ? ಕಾಶಿಯ ಗಂಗೆಯಲ್ಲಿ ಮುಳುಗಿದರೆ ಪಾಪ ಹೋಗುತ್ತದೆ, ಶೋಧಗಂಗೆಯಲ್ಲಿ ಮುಳುಗಿದರೆ ಎರಡನೇ ಅಧ್ಯಾಯ ಬರುತ್ತದೆ. ನನ್ನ ಅಳಿಯ ಮುಳುಗಿ ಎದ್ದಾಗ ಕೈಯಲ್ಲಿ ತುಂಗಭದ್ರಾ ಅಚ್ಚುಕಟ್ಟಿನ ಮೇಲಿನ ಒಂದು ಪ್ರಬಂಧವಿತ್ತು. ಅದನ್ನು ವಿಶ್ವವಿದ್ಯಾಲಯದ ಎದುರಿನ ಜೆರಾಕ್ಸ್ ಅಂಗಡಿಗೆ ಒಯ್ದ. ಅಂಗಡಿಯವನು ಎರಡು ಗುಂಡಿ ಒತ್ತಿ, ‘ತುಂಗಭದ್ರಾ’ ಇದ್ದಲ್ಲೆಲ್ಲ ‘ಶಿಂಷಾ’, ‘ಹೊಸಪೇಟೆ’ ಇದ್ದಲ್ಲೆಲ್ಲ ‘ಮಾರ್ಕೋನಹಳ್ಳಿ’ ಎಂದು ಬದಲಾಯಿಸಿ, ಚಹಾ ತಣ್ಣಗಾಗುವುದರೊಳಗೆ ಕೊಟ್ಟ. ಇಂಥ ಇನ್ನೂ ನಾಲ್ಕು ಪ್ರಬಂಧಗಳ ಚೂರುಪಾರು ಸೇರಿ ಅರವತ್ತಮೂರು ಪುಟವಾಯಿತು.

ಹೀಗೆ ನಮ್ಮ ಮಾರ್ಕೋನಹಳ್ಳಿಗೆ 33 ಗೇಟು ಬಂದವು. ಅಷ್ಟೇ ಅಲ್ಲ. ದೇವರಾಯನದುರ್ಗದ ಕಡೆಯಿಂದ ಹರಿದು ಬಂದು ಕಾವೇರಿಯನ್ನು ಸೇರುವ ಬಡಪಾಯಿ ಶಿಂಷೆ, ನನ್ನ ಅಳಿಯನ ಹದಿನೇಳನೇ ಪುಟದಲ್ಲಿ ಹಂಪಿಯ ಪಕ್ಕದಲ್ಲಿ ಹರಿದು, ರಾಯಚೂರು ಜಿಲ್ಲೆಯ ಭತ್ತದ ಗದ್ದೆಗಳಿಗೆ ನೀರುಣಿಸಿ, ಕೊನೆಗೆ ಕೃಷ್ಣೆಯನ್ನು ಸೇರಿಬಿಟ್ಟಿದ್ದಳು. ಕಾವೇರಿ ಜಲವಿವಾದಕ್ಕೆ ಇಷ್ಟು ಸರಳವಾದ ಪರಿಹಾರವನ್ನು ಯಾವ ನ್ಯಾಯಮಂಡಳಿಯೂ ಯೋಚಿಸಿರಲಿಲ್ಲ.

“ಕಳ್ಳತನ ಹಿಡಿಯೋ ಯಂತ್ರ ಇದೆಯಂತಲ್ಲೋ?” ಎಂದೆ. ಇದೆಯಂತೆ. ಅದಕ್ಕೆ ಕಾನೂನೂ ಇದೆ. ಯುಜಿಸಿ 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮಾವಳಿ ತಂದಿತು. ಬೇರೆಯವರ ಬರಹದೊಂದಿಗಿನ ಹೋಲಿಕೆ ಶೇ. 10ರೊಳಗಿದ್ದರೆ ದಂಡವಿಲ್ಲ. 10ರಿಂದ 40 ಇದ್ದರೆ ತಿದ್ದಿ ಮತ್ತೆ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ಬಾಯಿ ಮುಚ್ಚಿಕೊಂಡು ಕೂರಬೇಕು. 60 ದಾಟಿದರೆ ನೋಂದಣಿಯೇ ರದ್ದು. ಮುನ್ನುಡಿ, ಕೃತಜ್ಞತೆ, ಆಕರಸೂಚಿ ಇವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲರಿಗೂ ಗೊತ್ತಿರುವ ಸಾಮಾನ್ಯ ಮಾತು ಸತತ 14 ಪದಗಳವರೆಗೆ ಹೊಂದಿಕೊಂಡರೂ ಮಾಫಿ. ಇದರಲ್ಲಿ ನಮ್ಮ ಸಂಶೋಧಕರು ಬಾಯಿಪಾಠ ಮಾಡಿಕೊಂಡದ್ದು ಆ ಹದಿನಾಲ್ಕನ್ನು. ರಾಮನಿಗೆ ಹದಿನಾಲ್ಕು ವರ್ಷ ವನವಾಸ, ಇವರಿಗೆ ಹದಿನಾಲ್ಕು ಪದದ ಸುಖವಾಸ. ಹದಿನೈದನೇ ಪದಕ್ಕೆ ‘ಆದರೆ’ ಇದ್ದರೆ ‘ಆದಾಗ್ಯೂ’ ಮಾಡು, ‘ಆದಾಗ್ಯೂ’ ಇದ್ದರೆ ‘ಆದರೆ’ ಮಾಡು. ಸಂಶೋಧನೆ ಮುಂದುವರಿಯುತ್ತದೆ.

ಹಿಂದೆ ಇಷ್ಟು ಕಷ್ಟವೂ ಇರಲಿಲ್ಲವಂತೆ. ನುಡಿ, ಬರಹದ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ ಕನ್ನಡ ನಮ್ಮ ಕಣ್ಣಿಗೆ ಕನ್ನಡ, ಯಂತ್ರದ ಕಣ್ಣಿಗೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಯಂತ್ರ ತಲೆ ಕೆರೆದುಕೊಂಡು ‘ಇಂಥ ಬರಹವನ್ನು ಲೋಕದಲ್ಲಿ ಯಾರೂ ಬರೆದಿಲ್ಲ’ ಎಂದು ಪ್ರಮಾಣಪತ್ರ ಕೊಟ್ಟರೆ ಅದರ ತಪ್ಪೇನು? ಯುನಿಕೋಡ್ ಬಂದ ಮೇಲೆ ಯಂತ್ರಕ್ಕೂ ಕನ್ನಡ ಬಂತು, ಸಂಶೋಧಕರಿಗೆ ಕಷ್ಟ ಬಂತು.

ಕಷ್ಟ ಬಂದರೆ ಉಪಾಯವೂ ಬರುತ್ತದೆ. ಕನ್ನಡದ ಪ್ಯಾರಾವನ್ನು ಫೋನಿಗೆ ಕೊಟ್ಟು ಇಂಗ್ಲಿಷಿಗೆ ತಿರುಗಿಸುವುದು, ಬಂದ ಇಂಗ್ಲಿಷನ್ನು ಮತ್ತೆ ಕನ್ನಡಕ್ಕೆ ತಿರುಗಿಸುವುದು. ಹೋಗಿ ಬರುವಷ್ಟರಲ್ಲಿ ಪ್ಯಾರಾದ ಗುರುತು ಅದರ ಹೆತ್ತವರಿಗೂ ಹತ್ತುವುದಿಲ್ಲ. ‘ಅಚ್ಚುಕಟ್ಟು ಪ್ರದೇಶ’ ಹೀಗೆ ಸಮುದ್ರ ದಾಟಿ ಬಂದು ‘ನೀಟಾದ ಪ್ರದೇಶ’ ಆಗಿತ್ತು. ಇನ್ನೊಂದು ಕಡೆ ಅದೇ ಅಚ್ಚುಕಟ್ಟು ಇಂಗ್ಲಿಷಿನ ಕಮಾಂಡ್ ಏರಿಯಾ ಆಗಿ ಹೋಗಿ ‘ಆಜ್ಞೆಯ ಪ್ರದೇಶ’ ಆಗಿ ಮರಳಿತ್ತು. ನಾಲೆಯ ಮೊದಲ ಭಾಗದ ರೈತರು ‘ತಲೆ ಮುಟ್ಟುವ ರೈತರು’. ಕೊನೆ ಭಾಗದ ನಾವು ‘ಬಾಲದ ರೈತರು’. ‘ನೀಟಾದ ಪ್ರದೇಶದಲ್ಲಿ ಬಾಲದ ರೈತರಿಗೆ ನೀರು ದೊರೆಯುತ್ತಿಲ್ಲವೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ’ ಎಂದು ಗಟ್ಟಿಯಾಗಿ ಓದಿದೆ. ನನ್ನ ಹೆಂಡತಿ ಒಳಗಿನಿಂದ ಬಂದು ನನ್ನ ಬೆನ್ನ ಹಿಂದೆ ಒಮ್ಮೆ ನೋಡಿ ಒಳಗೆ ಹೋದಳು.

ಬಾಲದ ರೈತನಾದರೂ ನಾನು ಮೇಷ್ಟ್ರು. ಕೆಂಪು ಪೆನ್ನು ತೆಗೆದುಕೊಂಡು ಜಗಲಿಯ ಮೇಲೆ ಕೂತೆ.

ಅರವತ್ತಮೂರು ಪುಟಕ್ಕೂ ಒಂದೇ ಅಚ್ಚು. ಒಬ್ಬ ವಿದ್ವಾಂಸರ ಹೆಸರು, ಆವರಣದೊಳಗೆ ಇಸವಿ, ‘ಇವರು ತಮ್ಮ ಅಧ್ಯಯನದಲ್ಲಿ’ ಎಂದು ಶುರುವಾಗಿ ‘ಎಂದು ತಿಳಿಸಿದ್ದಾರೆ’ ಎಂದು ಮುಗಿಯುವ ಒಂದು ಪ್ಯಾರಾ. ಮತ್ತೆ ಇನ್ನೊಬ್ಬರು, ಇನ್ನೊಂದು ಇಸವಿ. ಹಿಂದಿನ ಪ್ಯಾರಾದವರು ಏನೆಂದರೆಂದು ಮುಂದಿನ ಪ್ಯಾರಾದವರಿಗೆ ಗೊತ್ತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಪಕ್ಕಪಕ್ಕದಲ್ಲಿ ಕೂತು ಬೇರೆ ಬೇರೆ ಬಸ್ಸಿಗೆ ಕಾಯುವವರ ಹಾಗೆ ಎಲ್ಲರೂ ಕೂತಿದ್ದರು. ಎಲಿನೋರ್ ಆಸ್ಟ್ರಮ್ ಅವರನ್ನು ‘ಶ್ರೀಯುತರು’ ಎಂದು ಕರೆದಿತ್ತು. ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಹೆಂಗಸು, 2009ರಲ್ಲಿ. ಅವರ ಪುಸ್ತಕದ ರಕ್ಷಾಪುಟ ನೋಡಿದ್ದರೂ ಸಾಕಿತ್ತು.

ಅಲ್ಲೊಂದು ಇಲ್ಲೊಂದು ಕಡೆ ವಿದ್ವಾಂಸರು ಜಗಳವಾಡಿಯೂ ಇದ್ದರು. ಒಬ್ಬರು ಮಾರ್ಕೋನಹಳ್ಳಿ ಅಚ್ಚುಕಟ್ಟು 6,070 ಹೆಕ್ಟೇರ್ ಎಂದಿದ್ದರು. ಇನ್ನೊಬ್ಬರು 15,000 ಎಕರೆ ಎಂದಿದ್ದರು. ‘ಈ ಕುರಿತು ವಿದ್ವಾಂಸರಲ್ಲಿ ತೀವ್ರ ಭಿನ್ನಾಭಿಪ್ರಾಯವಿದ್ದು, ಇದು ಪ್ರಮುಖ ಸಂಶೋಧನಾ ಅಂತರವಾಗಿದೆ’ ಎಂದು ಅಳಿಯ ಬರೆದಿದ್ದ. ಜಲಾಶಯದ ಸಾಮರ್ಥ್ಯ ಒಬ್ಬರ ಪ್ರಕಾರ 6.8 ಕೋಟಿ ಘನ ಮೀಟರ್, ಇನ್ನೊಬ್ಬರ ಪ್ರಕಾರ 2.4 ಟಿಎಂಸಿ. ಅಲ್ಲೂ ಅಂತರ. ನಾನು ಏನೂ ಮಾತಾಡದೆ ಕ್ಯಾಲ್ಕುಲೇಟರ್ ಅವನ ಕೈಗೆ ಕೊಟ್ಟೆ. ಒಂದು ಎಕರೆ ಎಂದರೆ 0.4047 ಹೆಕ್ಟೇರ್, ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್, ಗುಣಿಸು ಎಂದೆ. ಗುಣಿಸಿದ. ಎರಡೂ ಕಡೆ ಒಂದೇ ಉತ್ತರ ಬಂತು. ಮುಖ ಸಣ್ಣಗಾಯಿತು. “ಹಂಗಾದ್ರೆ ಅಂತರ ಇಲ್ವಾ ಮಾವ?” ಎಂದ. ನೆಂಟಸ್ತಿಕೆ ಮುರಿದುಬಿದ್ದವನ ದನಿಯಲ್ಲಿ.

ಆಮೇಲೆ ದಿವಾನರ ಪ್ರಸಂಗ. ‘ಈ ಅಣೆಕಟ್ಟನ್ನು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ದಿವಾನ ಸರ್ ಎಂ. ವಿಶ್ವೇಶ್ವರಯ್ಯನವರ ಆಡಳಿತದಲ್ಲಿ ಕಟ್ಟಿಸಿದರು’ ಎಂದಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದದ್ದು 1912ರಿಂದ 1918ರವರೆಗೆ. ಮೂವತ್ತರ ದಶಕದಲ್ಲಿ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್, 1926ರಿಂದ 1941ರವರೆಗೆ. ಹತ್ತನೇ ತರಗತಿಯ ಹುಡುಗ ಬರೆದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದೆ. “ಎಲ್ಲಾರೂ ಹಂಗೇ ಬರೆದವ್ರೆ ಮಾವ” ಎಂದ. ಹಳೇ ಮೈಸೂರು ಸೀಮೆಯಲ್ಲಿ ನೀರು ನಿಂತ ಕಡೆಯಲ್ಲೆಲ್ಲ ವಿಶ್ವೇಶ್ವರಯ್ಯನವರನ್ನು ನಿಲ್ಲಿಸುವುದು ನಮ್ಮ ಭಕ್ತಿ. ಭಕ್ತಿಗೆ ಇಸವಿ ಕೇಳಬಾರದು, ಸರಿ. ಆದರೆ ಒಬ್ಬರ ಭಕ್ತಿಯನ್ನು ಇನ್ನೊಬ್ಬರು ನಕಲು ಮಾಡಿ, ಅದನ್ನು ಮತ್ತೊಬ್ಬರು ನಕಲು ಮಾಡಿ, ನಾಲ್ಕನೆಯವರಿಗೆ ಮೂರು ಆಧಾರ ಸಿಕ್ಕಿತೆಂದು ಲೆಕ್ಕ ಹಾಕುವುದಕ್ಕೆ ಸಂಶೋಧನೆ ಎನ್ನಬೇಕೇ?

ಕೆಂಪು ಪೆನ್ನು ಮುಚ್ಚಿ, “ನಡಿ, ಗೇಟು ಎಣಿಸೋಣ” ಎಂದೆ.

ಏರಿಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೆವು. ಮೂವತ್ತಮೂರು ಗೇಟು ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು, ಅವನು ಇಷ್ಟು ವರ್ಷ ಸೆಲ್ಫಿ ತೆಗೆದುಕೊಂಡು ಒಮ್ಮೆಯೂ ಕೇಳದಿದ್ದ ಸೈಫನ್. ಮೈಸೂರು ಸಂಸ್ಥಾನದ ಇಂಜಿನಿಯರ್ ವಿ. ಗಣೇಶ ಅಯ್ಯರ್ ರೂಪಿಸಿದ ವಾಲ್ಯೂಟ್ ಸೈಫನ್ ಅದು. ಗೇಟಿಲ್ಲ, ಸರಪಳಿಯಿಲ್ಲ, ತಿರುಗಿಸುವುದಕ್ಕೆ ಆಳೂ ಬೇಡ. ನೀರು ತುಂಬಿ ಮಟ್ಟ ಮೇಲೇರಿದರೆ ಗುಮ್ಮಟದ ಕೆಳಗಿನ ಆಲಿಕೆಯಂಥ ಬಾಯಿಗೆ ನೀರು ಬೀಳುತ್ತದೆ. ಒಳಗಿನ ಸುರುಳಿ ರೆಕ್ಕೆಗಳು ಆ ನೀರನ್ನು ಗಿರ್ರನೆ ತಿರುಗಿಸುತ್ತವೆ. ಸುಳಿ ಒಳಗಿನ ಗಾಳಿಯನ್ನೆಲ್ಲ ಎಳೆದುಕೊಂಡು ಹೊರಹಾಕುತ್ತದೆ. ಗಾಳಿ ಖಾಲಿಯಾದ ಕ್ಷಣ ಸೈಫನ್ ತುಂಬು ಬಾಯಲ್ಲಿ ನೀರೆಳೆಯಲು ಶುರುಮಾಡುತ್ತದೆ. ಮಟ್ಟ ಇಳಿದು ಗಾಳಿ ಹೊಕ್ಕಿತೋ, ತಾನೇ ನಿಲ್ಲುತ್ತದೆ. 2024ರ ಆಗಸ್ಟಿನಲ್ಲಿ ತುಂಗಭದ್ರೆಯ 19ನೇ ಗೇಟಿನ ಸರಪಳಿ ಕಿತ್ತು ಗೇಟೇ ಕೊಚ್ಚಿಹೋದಾಗ ನಾಡಿಗೆ ನಾಡೇ ಹೌಹಾರಿತ್ತಲ್ಲ, ಇಲ್ಲಿ ಕಿತ್ತುಹೋಗಲು ಸರಪಳಿಯೇ ಇಲ್ಲ. ಹಾಗೆಂದು ಮಳೆಗಾಲದಲ್ಲಿ ಇದರ ಕೆಳಗೆ ನೀರಿಗಿಳಿಯಬಾರದು. ಇದು ಯಾರನ್ನೂ ಕೇಳಿ ಶುರುವಾಗುವುದಿಲ್ಲ.

ಅಳಿಯ ಮಂತ್ರಮುಗ್ಧನಾಗಿ ನೋಡುತ್ತಿದ್ದ. ನನಗೆ ಅವನ ಎರಡನೇ ಅಧ್ಯಾಯ ಅರ್ಥವಾದದ್ದು ಆಗಲೇ. ಅದೂ ಸೈಫನ್ನೇ. ಒಂದು ಪ್ರಬಂಧ ತುಂಬಿದರೆ ಸಾಕು, ಯಾರೂ ತಿರುಗಿಸದೆ, ಯಾರೂ ತಡೆಯದೆ, ಅದರ ನೀರು ಮುಂದಿನ ಪ್ರಬಂಧಕ್ಕೆ ತಾನಾಗಿ ಇಳಿಯುತ್ತದೆ. ವ್ಯತ್ಯಾಸ ಒಂದೇ. ಗಣೇಶ ಅಯ್ಯರ್ ಅವರ ಸೈಫನ್ನಿಗೆ ಗಾಳಿ ಹೊಕ್ಕರೆ ಹರಿವು ನಿಲ್ಲುತ್ತದೆ. ವಿಶ್ವವಿದ್ಯಾಲಯದ ಸೈಫನ್ ಓಡುವುದೇ ಗಾಳಿಯಿಂದ.

ಮನೆಗೆ ಬಂದರೆ ಹೆಂಡತಿ ಮುಯ್ಯಿ ಪುಸ್ತಕ ಹರಡಿಕೊಂಡು ಕೂತಿದ್ದಳು. ಮಾರನೇ ವಾರ ಊರಿನಲ್ಲಿ ಮದುವೆ, ಎಷ್ಟು ಹಾಕಬೇಕೆಂಬ ಚಿಂತೆ. ಉದ್ದನೆಯ ಪುಸ್ತಕ, ಅರಿಸಿನದ ಬೆರಳಿನ ಗುರುತು, ನಮ್ಮ ಮಗಳ ಮದುವೆಯಲ್ಲಿ ಯಾರೋ ಹುಡುಗ ಬರೆದ ಕಾಗೆಕಾಲು ಅಕ್ಷರ. ಹೆಸರು, ಊರು, ದುಡ್ಡು. ಹೆಸರು, ಊರು, ದುಡ್ಡು. “ನೋಡು, ನಿನ್ನ ಎರಡನೇ ಅಧ್ಯಾಯ” ಎಂದು ಅಳಿಯನಿಗೆ ತೋರಿಸಿದೆ. ತಮಾಷೆಗಂದದ್ದು, ಆದರೆ ನೋಡುತ್ತ ಹೋದಂತೆ ಹೋಲಿಕೆ ಯಂತ್ರವೂ ಹಿಡಿಯಲಾರದಷ್ಟು ಹತ್ತಿರವಿತ್ತು. ಅವನ ಪಟ್ಟಿಯಲ್ಲಿ ಗೈಡಿನ ಲೇಖನಗಳು ಐದು ಬಂದಿದ್ದವು, ಅದು ಬೀಗರ ಮುಯ್ಯಿ. ಪರೀಕ್ಷಕರಾಗಿ ಬರಬಹುದಾದವರ ಲೇಖನಗಳು ಮೂರು, ಮುಂದೆ ವಾಪಸ್ಸು ಬರಬೇಕಾದ ಮುಯ್ಯಿ. ಜೊತೆಯವರ ಲೇಖನ ಒಂದೊಂದು. ಅವರೂ ಇವನದನ್ನು ಒಂದೊಂದು ಹಾಕುತ್ತಾರೆ. ಮುಯ್ಯಿಗೆ ಮುಯ್ಯಿ.

ಹೆಂಡತಿಗೆ ಮಾತ್ರ ಸಿಟ್ಟು ಬಂತು. “ಮುಯ್ಯಿ ಪುಸ್ತಕನ ಹಂಗೆಲ್ಲ ಆಡ್ಕೋಬ್ಯಾಡಿ. ಓದಕ್ಕೆ ಬರಬೇಕು ಅದನ್ನ” ಎಂದಳು. ಬೆರಳಿಟ್ಟು ಓದಿ ತೋರಿಸಿದಳು. “ಈ ಮನೆಯೋರು ಐನೂರ ಒಂದು ಹಾಕವ್ರೆ. ನಾವು ಅವರಿಗೆ ಹಾಕಿದ್ದು ಇನ್ನೂರ ಒಂದು. ಯಾಕೆ ಜಾಸ್ತಿ ಹಾಕಿದ್ರು? ಆ ವರ್ಷ ಅವರ ಬೋರು ಕೆಟ್ಟಾಗ ನಮ್ಮ ಬಾವಿ ನೀರು ಬಿಟ್ಟಿದ್ವಿ. ಇವರು ನೂರಾ ಒಂದೇ ಹಾಕವ್ರೆ. ಬದಿನ ಜಗಳ. ಇವರಿಬ್ಬರೂ ಅಣ್ಣತಮ್ಮ, ಬ್ಯಾರೆ ಬ್ಯಾರೆ ಬರೆಸವ್ರೆ, ಅಂದ್ರೆ ಆಗ್ಲೇ ಭಾಗ ಆಗಿತ್ತು.” ಪುಸ್ತಕ ಮುಚ್ಚಿ ಕೊನೆಗೆ ಅಂದಳು: “ಬಂದೋರದ್ದಲ್ಲ ದೊಡ್ಡ ಮಾತು. ಮೂಲೆಮನೆಯೋರ ಹೆಸರೇ ಇಲ್ಲ ನೋಡು. ಕರೆದಿದ್ವಿ, ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ.”

ಅಳಿಯ ಸುಮ್ಮನಾದ. ನಾಲ್ಕು ವರ್ಷ ಕೋರ್ಸ್‌ವರ್ಕು, ಸೆಮಿನಾರು, ಕಾರ್ಯಾಗಾರ ಎಂದು ಓಡಾಡಿದವನಿಗೆ ಅವನ ಅತ್ತೆ ಹತ್ತು ನಿಮಿಷದಲ್ಲಿ ಸಾಹಿತ್ಯ ಸಮೀಕ್ಷೆ ಹೇಳಿಕೊಟ್ಟಿದ್ದಳು. ಯಾರು ಎಷ್ಟು ಹಾಕಿದರು ಎಂಬುದಲ್ಲ, ಒಬ್ಬರ ಲೆಕ್ಕಕ್ಕೂ ಇನ್ನೊಬ್ಬರ ಲೆಕ್ಕಕ್ಕೂ ಇರುವ ನಂಟು. ಎಲ್ಲಿ ಜಗಳ, ಎಲ್ಲಿ ಭಾಗ. ಮತ್ತೆ, ಯಾರ ಹೆಸರು ಇರಬೇಕಾಗಿತ್ತು, ಇಲ್ಲ. ಆ ಕೊನೆಯದೇ ಸಂಶೋಧನಾ ಅಂತರ. ಎಕರೆಯನ್ನು ಹೆಕ್ಟೇರಿಗೆ ತಿರುಗಿಸಲು ಬಾರದಿರುವುದು ಅಂತರವಲ್ಲ.

ಇದನ್ನು ಕಲಿಯುವುದಕ್ಕೆ ಪರದೇಶದ ಕೈಪಿಡಿ ತರಿಸಬೇಕಾಗಿಯೂ ಇಲ್ಲ. ನಮ್ಮ ಪಕ್ಕದಲ್ಲೇ ಎಡೆಯೂರು, ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ. ಆ ಪರಂಪರೆಯ ಗೂಳೂರು ಸಿದ್ಧವೀರಣಾರ್ಯರು ‘ಶೂನ್ಯಸಂಪಾದನೆ’ಯನ್ನು ಪರಿಷ್ಕರಿಸಿದವರು. ಹನ್ನೆರಡನೇ ಶತಮಾನದ ವಚನಗಳು ಕಟ್ಟುಕಟ್ಟಾಗಿ ಮುಂದಿದ್ದವು. ಅವರು ‘ಬಸವಣ್ಣನವರು ತಮ್ಮ ವಚನದಲ್ಲಿ ತಿಳಿಸಿದ್ದಾರೆ, ಅಕ್ಕಮಹಾದೇವಿಯವರು ತಮ್ಮ ವಚನದಲ್ಲಿ ತಿಳಿಸಿದ್ದಾರೆ’ ಎಂದು ಅಕಾರಾದಿಯಾಗಿ ಜೋಡಿಸಿದ್ದರೆ ಇವತ್ತು ಯಾರು ಓದುತ್ತಿದ್ದರು? ಎಲ್ಲರನ್ನೂ ಅನುಭವ ಮಂಟಪಕ್ಕೆ ಕರೆತಂದು, ಅಲ್ಲಮನನ್ನು ನಡುವೆ ಕೂರಿಸಿ, ಒಬ್ಬರ ವಚನ ಇನ್ನೊಬ್ಬರ ವಚನಕ್ಕೆ ಪ್ರಶ್ನೆಯಾಗುವಂತೆ, ಉತ್ತರವಾಗುವಂತೆ ಹೆಣೆದರು. ಇವರಿಗಿಂತ ಮುಂಚೆ ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ ಯತಿ ಈ ಕೆಲಸ ಮಾಡಿದ್ದರು. ಸಿದ್ಧರಾಮನಿಗೆ ಲಿಂಗದೀಕ್ಷೆ ಆಯಿತೋ ಇಲ್ಲವೋ ಎಂಬಲ್ಲಿ ಈ ಪರಿಷ್ಕರಣಗಳು ಒಂದಕ್ಕೊಂದು ಒಪ್ಪುವುದಿಲ್ಲ. ಹಿಂದಿನವರನ್ನು ಓದಿ, ಒಪ್ಪದ ಕಡೆ ಒಪ್ಪದೆ, ಬಿಟ್ಟುಹೋದದ್ದನ್ನು ಸೇರಿಸಿ ಮುಂದೆ ಹೋದರು. ನಕಲಿನ ಕಾಟ ಅವರಿಗೂ ಇತ್ತು, ತಾಳೆಗರಿ ಕಾಲದಲ್ಲಿ ಎಲ್ಲವೂ ಕೈನಕಲೇ ತಾನೆ? ಆದರೆ ನಕಲು ಮಾಡುವಾಗ ಅವರು ಓದುತ್ತಿದ್ದರು.

“ಹಂಗಾದ್ರೆ ಈ ಅರವತ್ತಮೂರು ಪುಟ ಏನ್ ಮಾಡ್ಲಿ ಮಾವ?” ಎಂದ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಕತೆ ಹೇಳಿದೆ. 1948ರಲ್ಲಿ ರಾಂಪುರವೆಂಬ ಹಳ್ಳಿಯಲ್ಲಿ ಕೂತು ಮಾಡಿದ ಕ್ಷೇತ್ರಕಾರ್ಯದಿಂದ ಸಿದ್ಧಪಡಿಸಿದ ಟಿಪ್ಪಣಿಗಳು, ಮೂರು ಪ್ರತಿ, 1970ರ ಏಪ್ರಿಲ್ 24ರಂದು ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಬಿದ್ದವು. ಅವರು ನೆನಪಿನಿಂದಲೇ ಬರೆಯಲು ಕೂತರು. 1976ರಲ್ಲಿ ಪುಸ್ತಕ ಬಂತು. ಪುಸ್ತಕದ ಹೆಸರಿನಲ್ಲೇ ನೆನಪು ಇದೆ. “ಅವರ ಕಾಗದ ಸುಟ್ಟಿತು, ತಲೆಯಲ್ಲಿದ್ದದ್ದು ಉಳೀತು. ನಿಂದು ಸುಟ್ಟರೆ ಏನುಳಿಯುತ್ತೋ?” ಎಂದೆ.

ಹುಡುಗ ಪ್ರಾಮಾಣಿಕ. “ಪೆನ್‌ಡ್ರೈವ್ ಉಳೀತದೆ ಮಾವ” ಎಂದ.

ಆದರೂ ಅವನು ಕೂತ. ಮೂರು ವಾರ ನಮ್ಮ ಜಗಲಿಯ ಮೇಲೆ ಕೂತ. ಅರವತ್ತು ಹೆಸರಿನ ಬದಲು ಒಂದು ಪ್ರಶ್ನೆ ಇಟ್ಟುಕೊಂಡ: ನಾಲೆ ಬಂದರೆ ಊರಿಗೆ ಏನಾಗುತ್ತದೆ, ನಾಲೆಯ ಕೊನೆಗೆ ನೀರು ಯಾಕೆ ಬರುವುದಿಲ್ಲ? ಪ್ರಶ್ನೆ ಸಿಕ್ಕ ಮೇಲೆ ಪುಸ್ತಕಗಳು ತಾವಾಗಿಯೇ ಪಕ್ಷ ಕಟ್ಟಿಕೊಂಡವು. ಪಕ್ಕದ ಮಂಡ್ಯ ಸೀಮೆಯಲ್ಲೇ ಐವತ್ತರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಹೆಣ್ಣುಮಗಳು ಎರಡು ಹಳ್ಳಿಯಲ್ಲಿ ಕೆಲಸ ಮಾಡಿ 1962ರಲ್ಲಿ ಪುಸ್ತಕ ಬರೆದಿದ್ದಳು. ವಂಗಲ ಎಂದು ಅವಳು ಕರೆದ ಊರಿಗೆ ನಾಲೆ ನೀರು ಬಂತು, ದಲೇನ ಎಂದು ಕರೆದ ಊರಿಗೆ ಬರಲಿಲ್ಲ. ನೀರು ಬಂದ ಊರು ಕಬ್ಬು ಬೆಳೆದುಕೊಂಡು ಹಳೆಯ ಕಟ್ಟುಪಾಡಿನಲ್ಲೇ ಉಳಿಯಿತು. ನೀರು ಬಾರದ ಊರಿನವರೇ ಪೇಟೆಗೆ ಹೋಗಿ, ಬೇರೆ ಬೇರೆ ಕಸುಬು ಹಿಡಿದು, ಹೆಚ್ಚು ಬದಲಾದರು. ಅಚ್ಚುಕಟ್ಟಿನ ಮೇಲೆ ಪ್ರಬಂಧ ಬರೆಯುವವನ ಪಟ್ಟಿಯಲ್ಲಿ ಇದೊಂದು ಇರಲೇ ಇಲ್ಲ. ಮೂಲೆಮನೆಯವರ ಹಾಗೆ. ಆಮೇಲೆ ರಾಬರ್ಟ್ ವೇಡ್. 1982ರಲ್ಲಿ ದಕ್ಷಿಣ ಭಾರತದ ನಾಲೆಗಳಲ್ಲಿ ನೀರಿನ ಜೊತೆ ಲಂಚ ಹೇಗೆ ಹರಿಯುತ್ತದೆ ಎಂದು ಬರೆದವನು, 1988ರಲ್ಲಿ ಆಂಧ್ರದ ಹಳ್ಳಿಗಳನ್ನು ನೋಡಿ ಇನ್ನೊಂದು ಮಾತು ಹೇಳಿದ. ನಾಲೆಯ ಕೆಳಗಿನ, ನೀರಿಗೆ ಕಷ್ಟಪಡುವ ಊರುಗಳೇ ಒಟ್ಟಾಗಿ ತಮ್ಮದೇ ನೀರುಗಂಟಿಗಳನ್ನು ಇಟ್ಟುಕೊಳ್ಳುತ್ತವೆ. ಜನ ತಮ್ಮ ನೀರಿಗೆ ತಾವೇ ಕಟ್ಟಳೆ ಮಾಡಿಕೊಳ್ಳಬಲ್ಲರು ಎಂದು 1990ರಲ್ಲಿ ಬರೆದ ಆಸ್ಟ್ರಮ್ ಇಲ್ಲಿ ಸರಿಯಾದ ಜಾಗದಲ್ಲಿ ಬಂದು ಕೂತರು, ‘ಶ್ರೀಯುತರು’ ಬಿಟ್ಟು. “ಹಂಗಾದ್ರೆ ನಾವು ಬಾಲದೋರು ಯಾಕೆ ಒಟ್ಟಾಗ್ಲಿಲ್ಲ ಮಾವ?” ಎಂದು ಒಂದು ಸಂಜೆ ಕೇಳಿದ. ನನಗೆ ಉತ್ತರ ತೋಚಲಿಲ್ಲ. ನಾಲ್ಕು ವರ್ಷದಲ್ಲಿ ಅವನು ನನ್ನನ್ನು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು.

ಹೊಸ ಅಧ್ಯಾಯ ಹನ್ನೆರಡು ಪುಟ ಬಂತು. ಹೋಲಿಕೆ ಶೇ. 3.

ಗೈಡು ಗಾಬರಿಯಾದರು. ಮೊದಲನೆಯದಾಗಿ ಪುಟ ಸಾಲದು. ಎರಡನೆಯದಾಗಿ ತಮ್ಮ ಐದು ಲೇಖನಗಳು ಎಲ್ಲಿ ಹೋದವು? ಮೂರನೆಯದಾಗಿ, ಮೂರು ಪರ್ಸೆಂಟ್ ಬಂದರೆ ಯಾರಾದರೂ ನಂಬುತ್ತಾರೆಯೇ? “ಎಂಟೋ ಒಂಬತ್ತೋ ಇದ್ರೆ ಸಹಜವಾಗಿ ಕಾಣ್ತದೆ ಕಣಪ್ಪ. ಮೂರು ಅಂದ್ರೆ ಯಂತ್ರಕ್ಕೆ ಏನೋ ಮೋಸ ಮಾಡಿದ್ದಾನೆ ಅಂತಾರೆ” ಎಂದು ಬುದ್ಧಿ ಹೇಳಿದರು. ಕೊನೆಗೆ ರಾಜಿಯಾಯಿತು. ಹನ್ನೆರಡು ಪುಟ ಪ್ರಬಂಧದ ಮುನ್ನುಡಿಗೆ ಹೋಯಿತು, ಅಲ್ಲಿ ಯಂತ್ರವೂ ಓದುವುದಿಲ್ಲ, ಪರೀಕ್ಷಕರೂ ಓದುವುದಿಲ್ಲ. ಅರವತ್ತಮೂರು ಪುಟ ಎರಡನೇ ಅಧ್ಯಾಯವಾಗಿ ತನ್ನ ಜಾಗಕ್ಕೆ ಮರಳಿತು. ಅಳಿಯ ಹಟ ಹಿಡಿದು ಗೆದ್ದುಕೊಂಡದ್ದು ಮೂರೇ ತಿದ್ದುಪಡಿ: ದಿವಾನರು ಬದಲಾದರು, ಶಿಂಷೆ ಹಂಪಿಯಿಂದ ಹಿಂದಿರುಗಿದಳು, ಮೂವತ್ತಮೂರು ಗೇಟು ಹೋದವು.

ವೈವಾ ಸಸೂತ್ರವಾಗಿ ಮುಗಿಯಿತು. ಈಗ ಅವನು ಡಾಕ್ಟರು. ಪ್ರಬಂಧ ಶೋಧಗಂಗೆ ಸೇರಿತು.

ಮೊನ್ನೆ ಭಾನುವಾರ ಬಂದಿದ್ದ. ಇಬ್ಬರೂ ಏರಿಯ ಮೇಲೆ ಹೋಗುತ್ತಿದ್ದೆವು. ಫೋನು ಬಂತು. ಯಾರೋ ಹೊಸ ಹುಡುಗ, ಹೇಮಾವತಿ ಅಚ್ಚುಕಟ್ಟಿನ ಮೇಲೆ ನೋಂದಣಿ ಮಾಡಿಸಿದ್ದಾನಂತೆ. “ಸರ್, ನಿಮ್ಮ ಎರಡನೇ ಅಧ್ಯಾಯ ಬಹಳ ಚೆನ್ನಾಗಿದೆ. ವರ್ಡ್ ಫೈಲ್ ಕಳಿಸ್ತೀರಾ?” ಅಳಿಯ ನನ್ನ ಮುಖ ನೋಡಿದ. ನಾನು ನೀರು ನೋಡಿದೆ. ಆ ಕಡೆಯ ಹುಡುಗ ಬಿಡಲಿಲ್ಲ. “ಅದ್ರಲ್ಲಿ ಗೇಟಿನ ವಿಷಯ ಇಲ್ಲ ಸರ್. ಹೇಮಾವತಿಗೆ ಎಷ್ಟು ಗೇಟು ಅಂತ ಹಾಕ್ಲಿ?”

“ಗೊರೂರಿಗೆ ಹೋಗಿ ಎಣಿಸ್ಕಂಡು ಬಾರಪ್ಪ” ಎಂದ ನನ್ನ ಅಳಿಯ.

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಹುಡುಗ, ದೊಡ್ಡವರ ಜೊತೆ ಎದುರಾಡಬಾರದೆಂಬ ವಿನಯದಿಂದಲೇ ಕೇಳಿದ: “ಅಷ್ಟು ದೂರ ಯಾಕೆ ಸರ್? ಯಾವುದಾದ್ರೂ ಥೀಸಿಸ್‌ನಲ್ಲಿ ಇರ್ತದಲ್ವಾ?”